ಅಮ್ಮನ ನಂಬರಿಗೆ ಬರುವ ಸ್ಪ್ಯಾನಿಷ್ ಸಂದೇಶಗಳು

ಮಾನ್ಯ ದೂರು ಪರಿಶೀಲನಾ ವಿಭಾಗದ ಮುಖ್ಯಸ್ಥರೇ,

ನಿಮ್ಮ ಜಾಲತಾಣದ ಒಂದು ಸ್ಪ್ಯಾನಿಷ್ ಗುಂಪಿನಲ್ಲಿ ನನ್ನ ಫೋಟೋ ಇದೆ. ಅದರ ಕೆಳಗೆ ಮೈಸೂರಿನಲ್ಲಿರುವ ನನ್ನ ಅಮ್ಮ ಚಿಕ್ಕತಾಯಮ್ಮನ ಫೋನ್ ನಂಬರ್ ಇದೆ. ಅದರ ಕೆಳಗೆ ನನ್ನನ್ನು ಏನೇನು ಮಾಡಬೇಕು ಎಂಬ ಸಲಹೆಗಳಿವೆ. ತೆಗೆಯಿರಿ ಎಂದು ಮತ್ತೆ ಮತ್ತೆ ಕೇಳಿದೆ. ‘ಪರಿಶೀಲಿಸಿದ್ದೇವೆ, ನಿಯಮಗಳ ಉಲ್ಲಂಘನೆ ಕಂಡುಬಂದಿಲ್ಲ’ ಎಂದು ನೀವೂ ಮತ್ತೆ ಮತ್ತೆ ಉತ್ತರಿಸಿದಿರಿ. ಪರಿಶೀಲಿಸಿದವರಿಗೆ ಸ್ಪ್ಯಾನಿಷ್ ಬರುತ್ತದೆಯೇ? ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೇಗೂ ಓದುವುದಿಲ್ಲ ಎಂದ ಮೇಲೆ ನನಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಬೈಯಬಹುದಲ್ಲ.

ಆ ಗುಂಪಿನವರು ತಮ್ಮನ್ನು ‘ಇನ್‌ಸೆಲ್’ ಎಂದು ಕರೆದುಕೊಳ್ಳುತ್ತಾರೆ. ತಮಗೆ ಸಂಗಾತಿ ಸಿಗದಿರುವುದಕ್ಕೆ ಲೋಕದ ಹೆಂಗಸರೆಲ್ಲ ಹೊಣೆ ಎಂದು ನಂಬಿರುವ ಗಂಡಸರು. ಮ್ಯಾಡ್ರಿಡ್‌ನಿಂದ ಮೆಕ್ಸಿಕೋವರೆಗೆ ಹರಡಿಕೊಂಡಿದ್ದಾರೆ. ಹೆಣ್ಣಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುವುದು ಅವರ ನಿತ್ಯಕರ್ಮ. ಜರ್ಮನಿಯ ಡ್ರೆಸ್ಡೆನ್ನಿನ ಚಿಪ್ ಕಾರ್ಖಾನೆಯಲ್ಲಿ, ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಇಟ್ಟುಕೊಂಡು, ನನ್ನ ಪಾಡಿಗೆ ನಾನಿದ್ದವಳು ಅಲ್ಲಿಗೆ ತಲುಪಿದ್ದು ಹೇಗೆ? ನಮ್ಮಲ್ಲಿ ಬಯೋಡೇಟಾ ಎಂಬ ಪದ್ಧತಿಯಿದೆ, ಸ್ವಾಮಿ. ಎತ್ತರ, ಬಣ್ಣ, ನಕ್ಷತ್ರ, ಸಂಬಳ, ಕೆಲಸದ ಊರು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಸೀರೆಯುಟ್ಟ ಫೋಟೋ ಹಾಕಿ, ಕೊನೆಯಲ್ಲಿ ಹೆತ್ತವರ ನಂಬರ್ ಕೊಟ್ಟು, ಜರ್ಮನಿಯ ಕನ್ನಡಿಗರ ವಧುವರರ ಗುಂಪಿಗೆ ಬಿಡುತ್ತೇವೆ. ಆ ಸ್ಪ್ಯಾನಿಷ್ ಮಹಾಶಯರಿಗೆ ಹುಡುಕುವ ಕಷ್ಟವೇ ಇರಲಿಲ್ಲ. ಅಂಕ ಹಾಕಲು ಬೇಕಾದದ್ದನ್ನೆಲ್ಲ ನಮ್ಮವರೇ ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು.

ನನಗೆ ವಿಷಯ ಗೊತ್ತಾದದ್ದು ಅಮ್ಮನಿಂದ, ಅದೂ ಸಂಭ್ರಮದ ದನಿಯಲ್ಲಿ. “ನಿಶ್ಚಿ, ಫಾರಿನ್ ನಂಬರ್‌ಗಳಿಂದ ಮೆಸೇಜ್ ಮೇಲೆ ಮೆಸೇಜು ಕಣೇ! ಏನೋ ಬೇರೆ ಭಾಷೆ. ಹುಡುಗನ ಜಾತಕ ಕಳ್ಸಿ ಅಂತ ಹಾಕಿದೀನಿ. ಸುಮ್ನೆ ಕಾಯಿಸ್ಬಾರ್ದು ಅಂತ ನಿಂದು ಇನ್ನೆರಡು ಫೋಟೋನೂ ಕಳ್ಸ್ದೆ.”

ಅಮ್ಮ ನನಗೆ ಕಳಿಸಿಕೊಟ್ಟ ಆ ಸಂದೇಶಗಳಲ್ಲಿದ್ದ ಲಿಂಕ್ ತೆರೆದಾಗ ಮೂರು ಫೋಟೋಗಳೂ ಸಾಲಾಗಿ ಕಂಡವು. ಪಕ್ಕದ ಮೇಜಿನ ಕೊಲಂಬಿಯಾದ ಸಹೋದ್ಯೋಗಿ ಕಾಮೆಂಟುಗಳನ್ನು ಓದಿ ಹೇಳತೊಡಗಿದಳು. ಹತ್ತಕ್ಕೆ ಮೂರು. ಇಷ್ಟಕ್ಕೇ ಇಂಥ ಸೊಕ್ಕೇ? ಒಂಟಿಯಾಗಿ ಸಿಕ್ಕರೆ ಸೊಕ್ಕು ಇಳಿಸಬಹುದು. ಹತ್ತಿರದ ಲೈಪ್‌ಜಿಗ್‌ನವನೊಬ್ಬ ಡ್ರೆಸ್ಡೆನ್‌ಗೆ ರೈಲಿನಲ್ಲಿ ಎಷ್ಟು ಹೊತ್ತು ಎಂದು ಕೇಳಿದ್ದ, ಇನ್ನೊಬ್ಬ ಹೇಳಿಯೂ ಇದ್ದ. ಅವಳು ಅರ್ಧಕ್ಕೇ ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು. ಈಗ ಟ್ರಾಮ್ ನಿಲ್ದಾಣದಲ್ಲಿ ಯಾರಾದರೂ ಎರಡು ಸಲ ನೋಡಿದರೆ ಬಂದ ಟ್ರಾಮ್ ಹತ್ತದೆ ಮುಂದಿನದಕ್ಕೆ ಕಾಯುತ್ತೇನೆ. ಇದು ಉಲ್ಲಂಘನೆಯಲ್ಲವಾದರೆ ನಿಮ್ಮ ನಿಯಮಗಳು ಕಾಯುತ್ತಿರುವುದು ಯಾರನ್ನು?

ಮೊದಲು ಹಾಕಿದವನು ರಾಕೇಶ್, ಡ್ಯೂಸೆಲ್ಡಾರ್ಫಿನ ಸಾಫ್ಟ್‌ವೇರ್ ಇಂಜಿನಿಯರ್, ಸ್ಪೇನ್‌ನ ತಂಡದ ಜೊತೆ ಕೆಲಸ ಮಾಡಿ ಭಾಷೆ ಕಲಿತವನು. ವಧುವರರ ಗುಂಪಿನ ಮೂಲಕ ಪರಿಚಯವಾಗಿ ಒಮ್ಮೆ ಕಾಫಿಗೆ ಭೇಟಿಯಾಗಿದ್ದೆವು. ನಮಗೆ ಹೊಂದುವುದಿಲ್ಲ ಎಂದು ಮರ್ಯಾದೆಯಿಂದಲೇ ಹೇಳಿದ್ದೆ. ‘ಡ್ಯೂಸೆಲ್ಡಾರ್ಫಿನ ಗೆಳೆಯನನ್ನು ಬೇಡ ಎಂದವಳು’ ಎಂಬ ಕಾಮೆಂಟಿನಿಂದ ಅವನೇ ಎಂದು ಗೊತ್ತಾಯಿತು. ಫೋನ್ ಮಾಡಿ ಕೇಳಿದರೆ, “ಅಯ್ಯೋ, ತಮಾಷೆಗೆ ಹಾಕಿದ್ದು ಕಣ್ರೀ. ಹೆಸ್ರು ಕ್ರಾಪ್ ಮಾಡಿದ್ನಲ್ಲ. ನಂಬರ್ ನೋಡ್ಲಿಲ್ಲ, ಸಾರಿ. ನಾನು ಡಿಲೀಟ್ ಮಾಡ್ದೆ, ಅಷ್ಟ್ರಲ್ಲಿ ಬೇರೆಯವ್ರು ಹಾಕ್ಬಿಟ್ಟಿದ್ರು” ಎಂದ. ಮತ್ತೆ, “ನಿಮ್ಗೆ ಗೊತ್ತಾಗಲ್ಲ ಬಿಡಿ. ಭಾನುವಾರ ಇಡೀ ದಿನ ಮಾತಾಡೋಕೆ ಒಬ್ರು ಇರಲ್ಲ ಇಲ್ಲಿ. ಆ ಗುಂಪಿನವ್ರಾದ್ರೂ ತಪ್ಪು ನಿಂದಲ್ಲ ಅಂತಾರೆ” ಎಂದ. ಅಂಗಡಿಗಳೂ ಮುಚ್ಚಿರುವ ಆ ಭಾನುವಾರಗಳಲ್ಲಿ ನಾನೂ ಒಬ್ಬಳೇ ಅನ್ನ ಸಾರು ಮಾಡಿಕೊಂಡು ಉಣ್ಣುತ್ತೇನೆ. ಆದರೆ ಯಾರ ತಾಯಿಯ ನಂಬರನ್ನೂ ಬೀದಿಗೆ ಹಾಕಿಲ್ಲ. ಅವನ ಮಾತು ಕೇಳಿ ಸಿಟ್ಟಿಗಿಂತ ಹೆಚ್ಚಾಗಿ ಸುಸ್ತಾಯಿತು.

ಅಮ್ಮನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಅವರೆಲ್ಲ ಮೋಸಗಾರರು, ಬ್ಲಾಕ್ ಮಾಡು ಎಂದಷ್ಟೇ ಹೇಳಿದೆ. ಒಂದನ್ನು ಬ್ಲಾಕ್ ಮಾಡಿದರೆ ಇನ್ನೊಂದು ನಂಬರ್. ಕಳೆದ ವಾರ ಅಮ್ಮ ತಾನೇ ಆ ಲಿಂಕ್ ಒತ್ತಿದಳು. ಪ್ರತಿ ಕಾಮೆಂಟಿನ ಕೆಳಗೂ ನೀವು ‘ಅನುವಾದ ನೋಡಿ’ ಎಂಬ ಗುಂಡಿ ಇಟ್ಟಿದ್ದೀರಿ. ಅದನ್ನೂ ಒತ್ತಿದಳು. ನಿಮ್ಮ ಯಂತ್ರ ಒಂದನ್ನೂ ಬಿಡದೆ ಕನ್ನಡಕ್ಕೆ ತಂದುಕೊಟ್ಟಿತು. ಕೂಡಲೇ ನನಗೆ ಫೋನ್ ಮಾಡಿದಳು. “ಎರಡು ಫೋಟೋ ನಾನೇ ಕಳ್ಸಿದ್ದು, ಅಲ್ವೇನೇ?” ಎಂದಳು. ಅಲ್ಲಮ್ಮ ಎಂದೆ. ಅವಳು ನಂಬಲಿಲ್ಲ. ಈಗ ಅವಳು ಫೋನನ್ನೇ ಮುಟ್ಟುತ್ತಿಲ್ಲ, ನನ್ನ ಕರೆಯನ್ನೂ ತೆಗೆಯುತ್ತಿಲ್ಲ.

ಪೋಸ್ಟ್ ತೆಗೆಯುತ್ತೀರೆಂಬ ಆಸೆ ನನಗೆ ಉಳಿದಿಲ್ಲ. ಬೇಡಿಕೆ ಒಂದೇ. ಅಮ್ಮ ಒತ್ತಿದ ಗುಂಡಿಯನ್ನು ನೀವೂ ಒತ್ತಿ, ಕೊನೆಯ ಕಾಮೆಂಟಿನವರೆಗೂ ಓದಿ. ಆಮೇಲೂ ಉಲ್ಲಂಘನೆ ಕಾಣದಿದ್ದರೆ ಹಾಗೆಂದು ಬರೆಯಿರಿ, ನಿಮ್ಮ ಹೆಸರು ಹಾಕಿ. ನನಗಲ್ಲ, ಅಮ್ಮನಿಗೆ. ಅವಳ ನಂಬರ್ ನಿಮ್ಮಲ್ಲೇ ಇದೆ.

ಇಂತಿ,
ನಿಮ್ಮ ಗೋಡೆಯ ಮೇಲೆ ಇನ್ನೂ ನಿಂತೇ ಇರುವ
ನಿಶ್ಚಿತಾ, ಡ್ರೆಸ್ಡೆನ್