ಬುಧವಾರದ ಮರುದಿನ

ನವೆಂಬರ್ ೧೫, ೧೯೭೪. ಶುಕ್ರವಾರ. ಅಕ್ಕಲಕೋಟ

ಬೆಳಗಿನಿಂದ ಕಾರ್ಡು ಬರೆಯುವುದೇ ಕೆಲಸ. ಸೊಸೆ ಕಸ್ತೂರಿ ಹೆತ್ತಳು, ಹೆಣ್ಣು, ತಾಯಿ ಮಗು ಕ್ಷೇಮ. ಎಲ್ಲ ಕಾರ್ಡಿಗೂ ಇದೇ ಸಾಲು. ಸೋಲಾಪುರದ ಮಗಳು ರತ್ನಾಳಿಗೆ ಮಾತ್ರ ಬಾಳಬೋಧದಲ್ಲಿ ಬರೆಯಬೇಕು — ಮಾತು ಕನ್ನಡ, ಅಕ್ಷರ ಮರಾಠಿ. ನಾನು ಹೆತ್ತ ಮಗಳಿಗೆ ನನ್ನ ಅಕ್ಷರ ಓದಲು ಬಾರದು. ಮರಾಠಿ ಶಾಲೆಗೆ ಹಾಕಿದವರು ನಾವೇ, ಯಾರನ್ನು ಬೈಯಲಿ...

ಮೂರನೆಯದೂ ಹೆಣ್ಣು ಎಂದು ಯಾವ ಕಾರ್ಡಿನಲ್ಲೂ ಬರೆಯಲಿಲ್ಲ. ಎಣಿಸುವವರು ತಾವೇ ಎಣಿಸಿಕೊಳ್ಳಲಿ.

ಇವರು ದುಕಾನದಿಂದ ಊಟಕ್ಕೆ ಬಂದವರು, ಕೂಸಿಗೆ ತಮ್ಮ ಅವ್ವನ ಹೆಸರಿಡೋಣ ಅಂದರು. ಅತ್ತೆ ಹೋಗಿ ಬರುವ ಶ್ರಾವಣಕ್ಕೆ ಎರಡು ವರ್ಷ. ನನಗೂ ಸಂತೋಷವೇ. ಆದರೆ.

ಗುರುಬಾಯಿ.

ಬರೆದೆ. ಬರೆಯಲು ಅಡ್ಡಿಯಿಲ್ಲ, ಬಾಯಿಂದ ಬರಬಾರದು ಅಷ್ಟೆ. ಅತ್ತೆಯ ಹೆಸರು ಸೊಸೆ ನುಡಿದರೆ ಅವರ ಆಯುಷ್ಯ ಸವೆಯುತ್ತದೆ ಎಂದು ನನ್ನ ತಾಯಿ ಹೇಳಿ ಕಳಿಸಿದ್ದಳು. ನನ್ನ ತೊಂದರೆ ಏನೆಂದರೆ, ದುಕಾನದ ಪುಡಿಕೆ ಕಾಗದ ನೋಡಿ ಒಬ್ಬಳೇ ಕಲಿತ ಅಕ್ಷರ ಇದು. ತುಟಿ ಅಲುಗಿಸದೆ ಬರೆಯಲು ಬರುವುದಿಲ್ಲ. ಹಾಗಾಗಿ ಆ ಹೆಸರು ಬಂದಾಗ ಸೆರಗು ಬಾಯಿಗೆ ಒತ್ತಿ ಹಿಡಿದು ಬರೆಯುತ್ತೇನೆ. ಈಗಲೂ ಹಾಗೇ ಬರೆದೆ.

ನವೆಂಬರ್ ೧೭, ಆದಿತ್ಯವಾರ

ನಾದಿನಿ ಸುಗಲಾಬಾಯಿ ಹೋಟಗಿಯಿಂದ ಬಂದಳು. ದವಾಖಾನೆಗೆ ಕರೆದುಕೊಂಡು ಹೋದೆ. ಕೂಸಿನ ಅರಿವೆ ಸರಿಸಿ ನೋಡಿದಳು, ಮತ್ತೆ ಮುಚ್ಚಿದಳು.

"ಮೂರಾದುವು. ಸಾಕವ್ವ ಅಂತ ಇಡ್ರಿ. ದೇವರಿಗಿ ತಿಳೀತೈತಿ, ಮುಂದಿಂದು ಗಂಡು ಕೊಡ್ತಾನ."

ಮರಾಠಿಯವರು ನಕುಶಾ ಅಂತ ಇಡುವುದಿಲ್ಲವೇ, ಇದೂ ಹಾಗೇ ಎಂದು ವಿವರಣೆ ಬೇರೆ. ಬೇಡಾದವಳು, ಸಾಕಾದವಳು. ಕಸ್ತೂರಿ ಗೋಡೆಯ ಕಡೆ ಹೊರಳಿದಳು. ಅವಳ ಮನಸ್ಸಿನಲ್ಲಿ ಸಂಗೀತಾ ಎಂಬ ಹೆಸರಿದೆ. ಎರಡು ದಿನದ ಹಿಂದೆ ನನ್ನೊಬ್ಬಳಿಗೇ ಹೇಳಿದ್ದಳು.

ಇವರು ಅತ್ತೆಯ ಹೆಸರು ಅಂದಿದ್ದಾರೆ ಎಂದೆ. ಸುಗಲಾಬಾಯಿಗೆ ನಗು ಬಂತು.

"ಅವ್ವನ ಹೆಸರಿಟ್ರ ನೀ ಏನಂತ ಕರೀತಿ ವೈನಿ? ಬುಧವಾರದ ಮರುದಿನಬಾಯಿ ಅಂತೇನು?"

ನಾನೂ ನಕ್ಕೆ. ನಗುವಂಥದೇ. ಈ ಊರಿನಲ್ಲಿ ಗುರುವಾರವೆಂದರೆ ಸ್ವಾಮಿಗಳ ವಾರ, ಯಾರ ಬಾಯಲ್ಲಿ ನೋಡಿದರೂ ಅದೇ. ನನ್ನ ಬಾಯಿಗೆ ಮಾತ್ರ ಅದು ಬರುವಂತಿಲ್ಲ, ಅತ್ತೆಯ ಅರ್ಧ ಹೆಸರು ಅದರಲ್ಲಿದೆ. ಬೇಸ್ತವಾರ ಅಂದರೆ ಮರಾಠಿ ಜನಕ್ಕೆ ತಿಳಿಯದು. ಬುಧವಾರದ ಮರುದಿನ ಅನ್ನುತ್ತ ಬಂದೆ. ಈಗ ಕಾಯಿಪಲ್ಲೆಯವಳೂ ನನ್ನ ಹತ್ತಿರ ಹಾಗೇ ಅನ್ನುತ್ತಾಳೆ. ಸಾಲಿಯ ಗುರೂಜಿಗೂ ನಾನು ಮಾಸ್ತರ ಅನ್ನುವವಳು.

ಮನೆಗೆ ಬಂದ ಮೇಲೆ ನಗು ಹೋಯಿತು. ನಾಳೆ ಕೂಸು ದೊಡ್ಡದಾಗಿ ಓಣಿಯಲ್ಲಿ ಆಡುತ್ತಿರುತ್ತದೆ. ದೀಪ ಹಚ್ಚುವ ಹೊತ್ತು. ಹೊಸ್ತಿಲಲ್ಲಿ ನಿಂತು ಏನೆಂದು ಕೂಗಲಿ? ಬೇರೆ ಹೆಸರಿಟ್ಟರೆ ಅತ್ತೆ ಈ ಮನೆಯಿಂದ ಪೂರಾ ಹೋದ ಹಾಗೆ. ಅವರದೇ ಇಟ್ಟರೆ ಮೊಮ್ಮಗಳನ್ನು ಸಾಯುವ ತನಕ 'ಏ ಹುಡುಗಿ' ಅನ್ನಬೇಕು.

ನವೆಂಬರ್ ೨೧, ಬುಧವಾರದ ಮರುದಿನ

ಕೂಸು ಮನೆಗೆ ಬಂತು. ಮೂಗು ಇವರದು. ಗದ್ದ ಅತ್ತೆಯದು, ನಡುವೆ ಕುಳಿ.

ಮಧ್ಯಾಹ್ನ ಟಪಾಲಿನ ಬಸಯ್ಯ ಬಾಗಿಲಲ್ಲಿ "ಉಮಾಬಾಯಿ" ಎಂದು ಕೂಗಿದ. ನನ್ನ ಹೆಸರು ಕೇಳಿ ನನಗೇ ಹೊಸದೆನಿಸಿತು. ಅತ್ತೆ ಇದ್ದಾಗ ಈ ಮನೆಗೆ ಬರುವ ಕಾರ್ಡೆಲ್ಲ ಅವರ ಹೆಸರಿಗೆ. ಅವರಿಗೆ ಓದಲು ಬರೆಯಲು ಬಾರದು, ಬರೆಯುವವಳು ನಾನು, ಓದಿ ಹೇಳುವವಳು ನಾನು. ಆದರೂ ಪ್ರತಿ ಕಾರ್ಡಿನ ಕೊನೆಗೆ ಬರೆಸುವರು, ಜವಾಬು ನನ್ನ ಹೆಸರಿಗೇ ಬರಲಿ ಎಂದು. ಕಿವಿ ಸ್ವಲ್ಪ ಮಂದ. ಬಸಯ್ಯ ಎರಡು ಸಲ ಕೂಗುವ ತನಕ ಬಾಗಿಲ ಹಿಂದೆಯೇ ನಿಂತಿರುವರು. ಅಡಿಗೆಮನೆಯಲ್ಲಿ ಹಾಲು ಉಕ್ಕುವ ಸಪ್ಪಳ ಪಡಸಾಲೆಯಿಂದ ಕೇಳುವ ಕಿವಿಗೆ ಬಸಯ್ಯನ ಕೂಗು ಮಾತ್ರ ಕೇಳದು. ನಾನು ಎಷ್ಟು ನಕ್ಕಿದ್ದೇನೆ.

ಕಾರ್ಡು ಓದುತ್ತ ಒಂದು ವಿಚಾರ ಹೊಳೆಯಿತು. ಗುರುಬಾಯಿ ಎಂಬುದು ಲಗ್ನದಲ್ಲಿ ಗಂಡನ ಮನೆಯವರು ಅಕ್ಕಿಯಲ್ಲಿ ಬರೆದು ಇಟ್ಟ ಹೆಸರು. ಅದಕ್ಕೂ ಮೊದಲು ತವರಿನಲ್ಲಿ ಏನೋ ಒಂದು ಇದ್ದೇ ಇರಬೇಕು. ಆ ಹೆಸರು ಸೊಸೆಯ ಬಾಯಿಗೆ ನಿಷಿದ್ಧವಲ್ಲ. ಅದನ್ನೇ ಇಟ್ಟರೆ? ಹೆಸರೂ ಅತ್ತೆಯದೇ, ನಾನೂ ಬಾಯಿ ತುಂಬ ಕರೆದೇನು.

ಇವರಿಗೆ ಗೊತ್ತಿಲ್ಲ. ಸುಗಲಾಬಾಯಿಗೂ ಗೊತ್ತಿಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ. ಅತ್ತೆ ಯಾವತ್ತೂ ಹೇಳಲಿಲ್ಲ, ನಾವು ಯಾವತ್ತೂ ಕೇಳಲಿಲ್ಲ. ದುಧನಿಯಲ್ಲಿ ಅವರ ತಮ್ಮ ಬಂಡೆಪ್ಪ ಮಾಮಾ ಇದ್ದಾರೆ. ಇನ್ನು ಉಳಿದವರು ಅವರೊಬ್ಬರೇ.

ನವೆಂಬರ್ ೨೩, ಶನಿವಾರ. ಸಂಜೆ

ದುಧನಿಗೆ ಹೋಗಿ ಬಂದೆ. ಸ್ಟೇಶನ್ ತನಕ ಟಾಂಗಾ, ಅಲ್ಲಿಂದ ಪ್ಯಾಸೆಂಜರ್. ಮೈ ಹಣ್ಣಾಗಿದೆ, ಆದರೂ ಬರೆದೇ ಮಲಗಬೇಕು.

ಮಾಮಾ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದರು. ಹಲ್ಲಿಲ್ಲ, ಸುಲಿದು ಮೊಮ್ಮಕ್ಕಳಿಗೆ ಕೊಡುತ್ತಾರೆ. ನನಗೂ ಒಂದು ಹಿಡಿ ಕೊಟ್ಟರು. ಕೂಸಿನ ಸುದ್ದಿ ಹೇಳಿದೆ. ಆಮೇಲೆ ಕೇಳಿದೆ, ಅತ್ತೆಯವರನ್ನು ತವರಿನಲ್ಲಿ ಏನೆಂದು ಕರೆಯುತ್ತಿದ್ದಿರಿ ಎಂದು.

ಕೈ ನಿಂತಿತು.

"ಸಾಕವ್ವ" ಅಂದರು.

ಇನ್ನು ಕೇಳಬೇಡ, ಸಾಕು ಮಾಡು ತಾಯೀ ಎಂದು ಅನ್ನುತ್ತಿದ್ದಾರೆ ಎಂದು ತಿಳಿದೆ. ಸತ್ತವರ ನೆನಪು ಕೆದಕಿದೆನೇನೋ. ತಪ್ಪಾಯಿತು ಮಾಮಾ, ಕೇಳುವುದಿಲ್ಲ ಎಂದು ಏಳಲು ಹೋದೆ. ಮಾಮಾ ನನ್ನ ಸೆರಗು ಹಿಡಿದರು.

"ಅಲ್ಲ ಯವ್ವಾ. ಹೆಸರೇ ಅದು."

ಕೂತೆ.

ಅವರು ತಲೆ ಎತ್ತದೆ ಹೇಳಿದರು. ಮೊದಲಿಗೆ ಹೆಣ್ಣು, ಮತ್ತೆ ಹೆಣ್ಣು, ಮತ್ತೆ ಹೆಣ್ಣು. ಅದರ ಮೇಲೆ ಅತ್ತೆ. ಸಾಕವ್ವ ಎಂದು ಇಟ್ಟರು. ಹಿಂದೆಯೇ ಮಾಮಾ ಹುಟ್ಟಿದರು. ಹೆಸರು ಫಲ ಕೊಟ್ಟಿತು ಎಂದು ಊರೆಲ್ಲ ಹೇಳಿತಂತೆ.

"ಆ ಫಲ ನಾನ ನೋಡು" ಎಂದು ಬೊಚ್ಚು ಬಾಯಲ್ಲಿ ನಕ್ಕರು. ನಗುವಿನ ಹಾಗೆ ಇರಲಿಲ್ಲ.

"ಲಗ್ನದಾಗ ಅಕ್ಕ್ಯಾಗ ಹೆಸರ ಬರದ್ರು. ಅಕ್ಕಗ ಓದಾಕ ಬರ್ತಿದ್ದಿಲ್ಲ. ನಾ ಸಾಲಿ ಹುಡುಗ. ಏನ ಬರದಾರೋ, ಓದು ಅಂದ್ಳು. ಗುರುಬಾಯಿ ಅಂತ ಓದಿದ್ನಿ. ಮತ್ತೊಮ್ಮಿ ಓದು ಅಂದ್ಳು. ಮತ್ತೊಮ್ಮಿ ಓದಿದ್ನಿ." ಶೇಂಗಾ ಸಿಪ್ಪೆ ಊದಿ ತೆಗೆದರು. "ಮುಂದ ಇಲ್ಲಿ ಬಂದಾಗ ಹಳೇ ಹೆಸರ್ಲೆ ಕರದ್ರ ಓ ಅಂತಿದ್ದಿಲ್ಲ, ಕಲ್ಲಿನಾಂಗ ಕುಂದರ್ತಿದ್ಳು."

ಹಿಂದಿರುಗುವಾಗ ಗಾಡಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತ್ತು. ಏನೂ ನೋಡಲಿಲ್ಲ. ಅಷ್ಟು ಆಸೆಪಟ್ಟ ಹೆಸರು, ಅದರಿಂದ ಅವರನ್ನು ಕರೆದವರು ಯಾರು? ಮಾವ 'ಏ, ಕೇಳಿತೇನು' ಅನ್ನುವರು. ಮಕ್ಕಳು ಅವ್ವ ಅಂದರು. ಓಣಿಯವರು ದುಧನಿಯಾಕೆ ಅಂದರು. ನನ್ನ ಬಾಯಿಗೆ ಬೀಗ.

ಬಸಯ್ಯ. ಅವನೊಬ್ಬನೇ. ಅದೂ ಎರಡು ಸಲ.

ಕಿವಿ ಮಂದ ಇರಲಿಲ್ಲ.

ನವೆಂಬರ್ ೨೪, ಆದಿತ್ಯವಾರ

ಎಲ್ಲರೂ ಕೂತಾಗ ಹೇಳಿದೆ. ಸುಗಲಾಬಾಯಿ ಬಾಣಂತಿಗೆಂದು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ನಮ್ಮವ್ವಗೇನು?" ಅಂದಳು. ಅಷ್ಟೆ. ಕೈ ತೊಳೆದುಕೊಂಡು ಬಂದು ಕೂಸನ್ನು ಎತ್ತಿಕೊಂಡಳು. ಬೆಳ್ಳುಳ್ಳಿ ವಾಸನೆ ಹೋಗಿಲ್ಲವೆಂದು ಮತ್ತೆ ಇಳಿಸಿ, ಮತ್ತೆ ತೊಳೆದು ಬಂದು ಎತ್ತಿಕೊಂಡಳು. ಸಂಜೆಯ ತನಕ ಕೆಳಗಿಡಲಿಲ್ಲ.

ಇವರು ಟೋಪಿ ಹಾಕಿಕೊಂಡು ದುಕಾನಕ್ಕೆ ಹೋದರು. ಆದಿತ್ಯವಾರ ದುಕಾನ ಇಲ್ಲ.

ಕಸ್ತೂರಿಗೆ ನಾನು ಹೇಳಿದೆ, ಹೆತ್ತವಳು ನೀನು, ನಿನ್ನ ಮಾತೇ ಕೊನೆ, ಸಂಗೀತಾ ಎಂದರೂ ಸರಿ. ಅವಳು ಕೂಸಿನ ಗದ್ದದ ಕುಳಿ ಮುಟ್ಟಿ ನೋಡಿದಳು.

"ಗುರುಬಾಯಿನೇ ಇರ್ಲಿರಿ ಅತ್ತಿ. ನಮ್ಮ ಮರಾಠಿ ಸಾಲ್ಯಾಗ ಮಾಸ್ತರಣಿಗಿ ಬಾಈ ಅಂತಿದ್ದಿವು. ಇಕಿ ಗುರೂನೂ ಹೌದು, ಬಾಈನೂ ಹೌದು. ಹುಟ್ಟಿದ್ದೇ ಮಾಸ್ತರಣಿ." ಆಮೇಲೆ ಸುಗಲಾಬಾಯಿ ಕಡೆ ನೋಡದೆ, ತಣ್ಣಗೆ, "ಸಂಗೀತಾ ಮುಂದಿನಾಕಿಗಿ ಇರ್ಲಿ" ಅಂದಳು.

ಸುಗಲಾಬಾಯಿ ನಕ್ಕುಬಿಟ್ಟಳು. ಕಣ್ಣಲ್ಲಿ ನೀರು.

ಇನ್ನು ಉಳಿದದ್ದು ನನ್ನ ಬಾಯಿ. ಆಯುಷ್ಯ ಸವೆಯುತ್ತದೆ ಎಂಬ ಹೆದರಿಕೆ ಈಗ ಯಾರಿಗೆ? ತಿಳಿಯುತ್ತದೆ. ನಾಲಿಗೆಗೆ ತಿಳಿಯಬೇಕಲ್ಲ.

ನವೆಂಬರ್ ೨೮, ಬುಧವಾರದ ಮರುದಿನ

ತೊಟ್ಟಿಲ ಕಾರ್ಯ ಆಯಿತು. ರತ್ನಾ ಸೋದರತ್ತೆ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದಳು. ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದ್ದೇ ಗುದ್ದಿದ್ದು. ಒಬ್ಬೊಬ್ಬರೂ ತೊಟ್ಟಿಲಿಗೆ ಬಗ್ಗಿ ಕರೆದರು. ಸುಗಲಾಬಾಯಿ ತನ್ನ ಅವ್ವನನ್ನು ಹೆಸರು ಹಿಡಿದು ಕರೆದು, ನಾಲಿಗೆ ಕಚ್ಚಿಕೊಂಡು, ಮತ್ತೆ ಕರೆದಳು.

ನನ್ನ ಪಾಳಿ. ಬಗ್ಗಿದೆ. ಮನೆ ತುಂಬ ಜನ. ಬಾಗಿಲಲ್ಲಿ ಇವರು.

"ಗು..." ಅಂದೆ. "ಗು... ಗುಬ್ಬಿ."

ನಕ್ಕರು, ನಗಲಿ. ಒಳಗೆ ಹೋಗಿ ಸುಮ್ಮನೆ ಒಲೆಯ ಮುಂದೆ ಕೂತೆ. ಹೆಸರಿಟ್ಟ ಕಾರ್ಡು ಬರೆಯಬೇಕು. ಇವತ್ತು ಆಗದು.

ಡಿಸೆಂಬರ್ ೫, ಗುರುವಾರ

ವಾರ ಬರೆದ ಮೇಲೆ ನೋಡಿದೆ. ಹಾಗೇ ಇರಲಿ.

ಮಧ್ಯಾಹ್ನ. ಕಸ್ತೂರಿ ಬಚ್ಚಲಿಗೆ ಹೋಗಿದ್ದಾಳೆ. ಕಾರ್ಡು ಬರೆಯಲು ಕೂತೆ, ಮೊದಲನೆಯದು ಬಂಡೆಪ್ಪ ಮಾಮಾಗೆ. ಕೂಸು ಅಳತೊಡಗಿತು. ಎಡಗೈಯಲ್ಲಿ ತೊಟ್ಟಿಲ ಹಗ್ಗ, ಬಲಗೈಯಲ್ಲಿ ಪೆನ್ನು. ಕೂಸಿಗೆ ಹೆಸರಿಟ್ಟೆವು ಎಂದು ಬರೆದು ಮುಂದಿನ ಅಕ್ಷರಕ್ಕೆ ಬಂದೆ. ಸೆರಗು ಹಿಡಿಯಲು ಮೂರನೆಯ ಕೈ ಎಲ್ಲಿದೆ? ತುಟಿ ತನ್ನ ಪಾಡಿಗೆ ಅಲುಗಿತು. ದನಿಯೂ ಬಂತು. ಗಟ್ಟಿಯಾಗಿಯೇ ಬಂತು.

ಅಳು ನಿಂತಿತು.

ಬಗ್ಗಿ ನೋಡಿದೆ. ಕಣ್ಣು ತೆರೆದೇ ಇವೆ. ಓ ಅನ್ನಲಿಲ್ಲ. ಬಾಗಿಲ ಹಿಂದೆ ನಿಂತವರ ಹಾಗೆ, ಇನ್ನೊಂದು ಸಲ ಕೂಗಲಿ ಎಂದು —

ತಡಿ. ಪೆನ್ನು ಇಟ್ಟು