ಒಂದೇ ಮೈಕಿನ ಮುಂದೆ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಕುಳ್ಳಿ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನೀನೂ ಹಾಗೇ ಇದ್ದೀಯ ಎಂದುಕೊಂಡಿದ್ದೇನೆ. ನೀನು ಕಳಿಸಿದ ಹಾಡಿನ ಆಲ್ಬಂ ಬಂದು ತಿಂಗಳಾಗುತ್ತಾ ಬಂತು. ಒಂದು ಸಾಲು ಬರೆಯಲಿಲ್ಲ, ನಿನ್ನ ಫೋನೂ ಎತ್ತಲಿಲ್ಲ. ಇಂಥಲ್ಲಿ ತಪ್ಪು ತಿಳಿಯಬೇಡ ಎಂದು ಬರೆಯುತ್ತಾರೆ. ನೀನು ತಿಳಿದುಕೋ, ಪರವಾಗಿಲ್ಲ. ಕೆಲಸ ಜಾಸ್ತಿ ಇತ್ತು ಎಂಬುದು ಅರ್ಧ ನಿಜ. ಅಂಗಡಿಯ ದೊಡ್ಡ ಇಸ್ತ್ರಿ ಯಂತ್ರ ಕೆಟ್ಟು, ಹೋಟೆಲಿನವರ ಚಾದರಗಳನ್ನೆಲ್ಲ ನಾನೂ ನಿನ್ನ ಭಾವನೂ ಕೈಯಲ್ಲೇ ತಿಕ್ಕಿದೆವು. ಅವರು ಈಗ ಗೋಡೆ ಹಿಡಿದು ಓಡಾಡುತ್ತಾ, 'ಸುಕ್ಕೆಲ್ಲ ನನ್ನ ಸೊಂಟಕ್ಕೆ ಬಂದಿದೆ ಕಣೇ, ಅದಕ್ಕೂ ಒಂದು ಇಸ್ತ್ರಿ ಹಾಕು' ಎನ್ನುತ್ತಾರೆ.

ಹೋದ ವರ್ಷ ನೀನೇ ಫೋನ್ ಮಾಡಿ ಹೇಳಿದ್ದೆ. 'ಅಕ್ಕ, ನಮ್ಮ ಪಾಪ್ ತಂಡ ಮೊದಮೊದಲು ಟಿವಿಯಲ್ಲಿ ಹಾಡಿದ್ದೆಲ್ಲ ಸಿಕ್ಕಿದೆ. ಲೈವ್ ಆಲ್ಬಂ ಮಾಡ್ತಾರಂತೆ. ನಿನ್ನ ದನಿ ಮತ್ತೆ ಕೇಳುತ್ತೆ ನೋಡು' ಎಂದೆ. ನಾನು ಬೀದಿಗೆಲ್ಲ ಡಂಗುರ ಹೊಡೆದೆ. ಆಗ ನಾವಿಬ್ಬರೂ ಹಾಡುತ್ತಿದ್ದ ತಂಡದ ಮೊದಲ ರೆಕಾರ್ಡ್ ಬರುವ ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದಿದ್ದರು. 'ನೀನು ಹಾಡು, ಅಂಗಡಿ ನಾನು ನೋಡ್ಕೋತೀನಿ' ಎಂದು ನಾನೇ ಬಿಟ್ಟು ಬಂದೆ. ಅದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ. ಆದರೆ ನಾನು ಹಾಡಿದ್ದು ಎಲ್ಲಾದರೂ ಉಳಿದಿದ್ದರೆ ಅದು ಆ ಟಿವಿ ಟೇಪುಗಳಲ್ಲಿ ಮಾತ್ರ. ಗಂಟಲಿನ ಆಪರೇಷನ್ ಆದಮೇಲೆ ನನ್ನದು ಬರೀ ಗೊಗ್ಗರು ದನಿ. ಮಗಳು ಹುಟ್ಟಿದ್ದೇ ಆಮೇಲೆ. ಅಮ್ಮ ಹಾಡುತ್ತಿದ್ದಳು ಎಂಬುದನ್ನು ಅವಳು ಬರೀ ಬಾಯಿಮಾತಿನಲ್ಲಿ ನಂಬಿಕೊಂಡಿದ್ದಾಳೆ.

ಆಲ್ಬಂ ಬಂದ ದಿನ ಅಂಗಡಿಯ ಬಾಗಿಲು ಅರ್ಧ ಎಳೆದು, ಪಕ್ಕದ ಟೈಲರಮ್ಮನನ್ನೂ ಎದುರಿನ ಔಷಧಿ ಅಂಗಡಿಯವರನ್ನೂ ಕೂರಿಸಿಕೊಂಡು ಹಾಕಿದೆವು. ಮೊದಲ ಹಾಡು ಮುಗಿಯಿತು. 'ಅಮ್ಮ, ಇದರಲ್ಲಿ ನೀನು ಯಾವುದು?' ಎಂದಳು ಮಗಳು. 'ತಡಿ, ಮುಂದಿನದರಲ್ಲಿ ಬರ್ತೀನಿ' ಎಂದೆ. ಕೊನೆಯ ಹಾಡಿನ ತನಕ ಹಾಗೇ ಹೇಳುತ್ತಾ ಹೋದೆ. ಪಾಪ ಟೈಲರಮ್ಮ, 'ಜೊತೆಗೆ ಹಾಡೋರದ್ದು ಸ್ವಲ್ಪ ಮೆಲ್ಲಗೇ ಇರುತ್ತೆ ಬಿಡಿ' ಎಂದು ನನ್ನ ಮಾನ ಮುಚ್ಚಲು ನೋಡಿದರು. ನನಗೆ ಎಲ್ಲರ ಎದುರು ತಲೆ ಎತ್ತಲಾಗಲಿಲ್ಲ.

ಮರುದಿನ ಒಬ್ಬಳೇ ಕೂತು ಇನ್ನೊಮ್ಮೆ ಕೇಳಿದೆ. ಚಪ್ಪಾಳೆ ಆಗಿನದು, ಗಿಟಾರ್ ಆಗಿನದು, ನಿನ್ನ ದನಿ ಮಾತ್ರ ಆಗಿನದಲ್ಲ. ಆಗ ನೀನು ಮೇಲಿನ ಸ್ವರಕ್ಕೆ ಹೋಗುವ ಮುಂಚೆ ಗಬಕ್ಕನೆ ಉಸಿರು ಎಳೆಯುತ್ತಿದ್ದೆ, ಅದೆಲ್ಲೂ ಇಲ್ಲ. ಗಿಟಾರ್ ನುಡಿಸುತ್ತಿದ್ದ ನಮ್ಮ ಉದ್ದಣ್ಣನಿಗೆ ಫೋನ್ ಮಾಡಿದೆ. ಹವಾಮಾನ ಕೇಳಿದ, ಮಗಳ ಓದು ಕೇಳಿದ, ಕೊನೆಗೆ ಬಾಯಿ ಬಿಟ್ಟ.

'ಹಾಡೋರಿಗೆ ಟಿವಿಯವರು ಕೊಟ್ಟಿದ್ದು ಒಂದೇ ಮೈಕ್ ಅಲ್ವೇನಮ್ಮ. ನೀವಿಬ್ಬರೂ ಕೆನ್ನೆಗೆ ಕೆನ್ನೆ ಕೊಟ್ಟು ಹಾಡ್ತಿದ್ರಿ. ಈಗಿನ ಕಂಪ್ಯೂಟರಲ್ಲಿ ವಾದ್ಯದಿಂದ ಹಾಡು ಬೇರೆ ಮಾಡಿದ್ರು, ನಿಮ್ಮಿಬ್ಬರನ್ನ ಬೇರೆ ಮಾಡೋಕಾಗ್ಲಿಲ್ಲ. ಅದಕ್ಕೆ ಎರಡೂ ದನಿ ಅಳಿಸಿದ್ರು, ನಿನ್ನ ತಂಗಿ ಸ್ಟುಡಿಯೋದಲ್ಲಿ ಎಲ್ಲ ಹೊಸದಾಗಿ ಹಾಡಿದ್ಲು.'

'ಆಲ್ಬಂ ಕಂಪನಿಯವರ ಕೆಲಸವಾ?' ಎಂದೆ. ಅವರೇ ಎಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

'ಅವರು ಇಬ್ಬರದೂ ಇರ್ಲಿ ಅಂದ್ರಮ್ಮ. ಅವಳೇ ಒಪ್ಪಲಿಲ್ಲ. ಶುರುವಿಂದ ನಾನೊಬ್ಬಳೇ ಹಾಡಿದ್ದು ಅಂತ ಇಷ್ಟು ವರ್ಷ ಹೇಳ್ಕೊಂಡು ಬಂದಿದ್ದೀನಿ, ಈಗ ಜನ ಏನಂತಾರೆ ಅಂದ್ಲು.'

ಕುಳ್ಳಿ, ನನ್ನನ್ನು ತೆಗೆಯುವುದಕ್ಕೋಸ್ಕರ ಹದಿನೇಳರ ವಯಸ್ಸಿನ ನಿನ್ನ ದನಿಯನ್ನೂ ಅಳಿಸಿಕೊಂಡೆಯಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ, ಹಾಗಾಯಿತು. ಹೊರಗಿನವರು ಮಾಡಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ನೀನು ನಂಬಿಸಿ ಕೈಕೊಟ್ಟೆ. 'ಅಕ್ಕ, ನಿನ್ನ ಹೆಸರು ಹಾಕಲ್ಲ' ಎಂದು ಒಂದು ಮಾತು ಕೇಳಿದ್ದರೆ ಹೂಂ ಅನ್ನುತ್ತಿದ್ದೆ. ಹೆಸರು ತೊಗೊಂಡು ನಾನೇನು ಬಟ್ಟೆ ಒಗೆಯಲಾ? ದನಿಯನ್ನಾದರೂ ಉಳಿಸಬೇಕಿತ್ತು. ಹಳೆಯ ಟೇಪು ನಿನ್ನ ಹತ್ತಿರವೇ ಇದೆಯಂತೆ. ಮಗಳಿಗೋಸ್ಕರ ಬೇಡೋಣವೆಂದು ಎಷ್ಟು ಸಲ ಅನ್ನಿಸಿದರೂ, ನನ್ನದನ್ನೇ ನಿನ್ನ ಹತ್ತಿರ ಕೈಚಾಚಿ ಕೇಳಲು ನನಗೆ ಮನಸ್ಸು ಬರುವುದಿಲ್ಲ.

ಇಷ್ಟು ಸಿಟ್ಟಿದ್ದರೂ ಕೆಟ್ಟದ್ದು ಹಾರೈಸಲು ನಾಲಿಗೆ ಏಳುವುದಿಲ್ಲ, ಹಾಳು ಕರುಳು. ಥಂಡಿಯಲ್ಲಿ ತಿರುಗಬೇಡ, ಗಂಟಲು ಜೋಪಾನ. ನೀನು ಕೈ ಹಾಕಿದ ಕೆಲಸ ಕೈಗೂಡಲಿ, ನೂರು ಕಾಲ ಹಾಡಿಕೊಂಡಿರು.

ಇಂತಿ,
ನಿನ್ನ ಅಕ್ಕ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಪ್ರತಿ ಸಲ ಹಾಡು ಶುರುವಾಗುವ ಮುಂಚೆ ನೀನು ಹೆದರಿ ನನ್ನ ಕೈ ಹಿಡಿದು 'ಇದ್ದೀಯಾ, ಅಕ್ಕ?' ಎನ್ನುತ್ತಿದ್ದೆ, ನಾನು 'ಇದ್ದೀನಿ ಕಣೇ' ಎನ್ನುತ್ತಿದ್ದೆ. ಒಂದು ಸಲ ಅದು ಮೈಕಿಗೆ ಬಿದ್ದು, ಎದುರಿಗೆ ಕೂತಿದ್ದ ಜನವೆಲ್ಲ ನಕ್ಕಿದ್ದರು, ನೆನಪಿದೆಯಾ? ಅದನ್ನು ಆಲ್ಬಮಿನಲ್ಲಿ ಉಳಿಸಿದ್ದೀಯ. ಅಲ್ಲಿ ನಾವು ಒಬ್ಬರಾದಮೇಲೆ ಒಬ್ಬರು ಮಾತಾಡಿದ್ದು, ಬೇರೆ ಮಾಡುವ ಕಷ್ಟವೇ ಇರಲಿಲ್ಲ. ನಿನ್ನ 'ಇದ್ದೀಯಾ' ಇದೆ. 'ಅಕ್ಕ' ಇಲ್ಲ, ನನ್ನ ಉತ್ತರವೂ ಇಲ್ಲ. ಜನ ನಗುತ್ತಾರೆ, ಹಾಡು ಶುರುವಾಗುತ್ತದೆ. 'ಚಿಕ್ಕಮ್ಮ ಯಾರನ್ನ ಕೇಳ್ತಿದ್ದಾರಮ್ಮ?' ಎಂದಳು ಮಗಳು. ಗೊತ್ತಿಲ್ಲ ಎಂದೆ.