ಕೊನೆಯ ಒಂದು ಗೇಣು

ಯೊಂಗ್ಯಾಂಗ್
೨೨ ಮಾರ್ಚ್ ೧೯೯೮

ಪ್ರೀತಿಯ ಗುಮ್ರಾನ್ ಅಕ್ಕನಿಗೆ,

ಹೇಗಿದ್ದೀಯ? ಮೊಣಕಾಲಿನ ನೋವು ಕಡಿಮೆಯಾಯಿತೇ? ಇಪ್ಪತ್ತೆಂಟು ವರ್ಷ ಆಸ್ಪತ್ರೆಯಲ್ಲಿ ಜರ್ಮನಿಯವರ ಕೈಕಾಲೆಲ್ಲ ನೋಡಿದವಳು ತನ್ನ ಕಾಲನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ ಎಂದು ಭಾವ ಹೊಸವರ್ಷದ ಕಾರ್ಡಿನಲ್ಲಿ ದೂರು ಬರೆದಿದ್ದರು. ಅವರ ಅಕ್ಷರ ಒಂದನೇ ಕ್ಲಾಸಿನ ಮಗುವಿನದರ ಹಾಗಿದೆ, ಆದರೆ ಜರ್ಮನಿಯವರಾಗಿಯೂ ನಮ್ಮ ಭಾಷೆಯನ್ನು ಒಂದೇ ಒಂದು ತಪ್ಪಿಲ್ಲದೆ ಬರೆಯುತ್ತಾರೆ. ನಮ್ಮಪ್ಪನಿಗಿಂತ ಎಷ್ಟೋ ವಾಸಿ. ಅಪ್ಪನ ಮಾತು ಈಗ ಯಾಕೆ ಎಂದು ಕೇಳಬೇಡ, ಅದನ್ನೇ ಹೇಳುವುದಕ್ಕೆ ಕೂತಿದ್ದೇನೆ. ಇಲ್ಲಿ ಇನ್ನೂ ಚಳಿ ಬಿಟ್ಟಿಲ್ಲ. ಮೆಣಸಿನ ಸಸಿಗಳಿಗೆ ಪ್ಲಾಸ್ಟಿಕ್ ಹೊದಿಸಿದ್ದೇವಲ್ಲ, ಅದರೊಳಗೇ ಸ್ಟೂಲ್ ಹಾಕಿಕೊಂಡು ಬರೆಯುತ್ತಿದ್ದೇನೆ. ಮನೆಯಲ್ಲಿ ಕೂತರೆ ಇವರು "ಮತ್ತೆ ಆ ಹಾಡಿನ ರಗಳೇನಾ?" ಅನ್ನುತ್ತಾರೆ. ಹೌದು, ಅದೇ ರಗಳೆ.

ಪೇಟೆಯ ಸಂಸ್ಕೃತಿ ಭವನದಲ್ಲಿ ಹಳೇ ಹೆಂಗಸರ ಹಾಡು ಓದುವ ಗುಂಪು ಶುರುವಾಗಿದೆ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಐದು ದಿನಕ್ಕೊಮ್ಮೆ, ಸಂತೆಯ ದಿನ ಸೇರುತ್ತೇವೆ, ಎಂಟು ಜನ. ದೇಗುವಿನ ಕಾಲೇಜಿನಿಂದ ತಾಕ್ ಮೇಷ್ಟ್ರು ಬರುತ್ತಾರೆ. ನಮ್ಮ ಅಮ್ಮಂದಿರು, ಅಜ್ಜಿಯರು ಉದ್ದನೆಯ ಕಾಗದದ ಸುರುಳಿಯಲ್ಲಿ ಬರೆದು ಮದುವೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ ಹಾಡುಗಳನ್ನು ಇಷ್ಟು ವರ್ಷ ಕೇಳಿದವರು ಯಾರು? ಗೋಡೆಯ ಬಿರುಕಿಗೆ ಅಂಟಿಸಿದೆವು, ಕಿಮ್ಚಿ ಭರಣಿಯ ಬಾಯಿಗೆ ಕಟ್ಟಿದೆವು. ಮೊದಲ ದಿನ ಓಚೊನ್ ಅಜ್ಜಿ ತನ್ನ ಅತ್ತೆಯ ಹಾಡನ್ನು ರಾಗವಾಗಿ ಓದಿದಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು "ಇಂಥಾದ್ದೆಲ್ಲ ಇಲ್ಲೇ ಇತ್ತಾ!" ಅಂದರು. ಅಜ್ಜಿ "ನಾವು ಇಲ್ಲೇ ಇದ್ವಲ್ಲಪ್ಪ, ಅದೂ ಇತ್ತು" ಅಂದಳು. ಅವಳಿಗೆ ಎಂಬತ್ತಮೂರು ವರ್ಷ. ಹಾಜರಿ ಪುಸ್ತಕಕ್ಕೆ ಸ್ವಂತ ಹೆಸರು ಬೇಕು ಎಂದು ಮೇಷ್ಟ್ರು ಕೇಳಿದಾಗ ಅರ್ಧ ನಿಮಿಷ ಸೀಲಿಂಗ್ ನೋಡಿದಳು. ಅರವತ್ತೈದು ವರ್ಷದಿಂದ ಅವಳನ್ನು ಯಾರೂ ಆ ಹೆಸರಲ್ಲಿ ಕರೆದಿಲ್ಲ.

ಅಲ್ಲಿಗೆ ಅಮ್ಮನ ಸುರುಳಿಯನ್ನು ತೆಗೆದುಕೊಂಡು ಹೋದವಳು ನಾನೇ, ಬೇರೆ ಯಾರನ್ನೂ ಬೈಯುವ ಹಾಗಿಲ್ಲ. ಅಮ್ಮನ ಅಂತ್ಯಸಂಸ್ಕಾರಕ್ಕೆ ಬಂದಾಗ ನೀನು ನನ್ನ ಪೆಟ್ಟಿಗೆಯಲ್ಲಿ ನೋಡಿದೆಯಲ್ಲ, ಅದೇ ಸುರುಳಿ. "ನಿನಗೆ ಇಷ್ಟುದ್ದ ಬರೆದುಕೊಟ್ಟಳು, ನನಗೆ ಒಂದು ಜೊತೆ ಕಾಲುಚೀಲ" ಎಂದು ನೀನು ನಕ್ಕೆ. ಅದರ ಕೊನೆ ಯಾಕೆ ಹರಿದಿದೆ ಎಂದೂ ಕೇಳಿದೆ. ಇಲಿ ತಿಂದಿದೆ ಎಂದು ನಾನು ಹೇಳಿದೆ. ಈ ಚಳಿಗಾಲದಲ್ಲಿ ಗುಂಪಿನಲ್ಲಿ ಅದನ್ನು ಓದಿದಾಗ ಯಾರೂ ಕೆಮ್ಮಲಿಲ್ಲ ಅಕ್ಕಾ. ಈ ಸಾಲುಗಳು ಬಂದಾಗಂತೂ ಸದ್ದಾಗದಿರಲಿ ಎಂದು ಒಬ್ಬಳು ಒಲೆಯ ಮೇಲಿನ ಕೆಟಲನ್ನೇ ಇಳಿಸಿದಳು:

ಬಡಿಸುವ ಮುನ್ನ ಮಗಳೇ, ಬಿಸಿಯಿರುವಾಗ ಒಂದು ಚಮಚ ನೀನುಣ್ಣು,
ರುಚಿ ನೋಡಿದೆ ಎಂದು ಹೇಳು, ಯಾರೂ ತಪ್ಪು ಹಿಡಿಯಲಾರರು.
ನೀರು ದಾಟಿ ಹೋಗುವವಳೇ, ನಿನ್ನ ಬಟ್ಟಲು ನೀನೇ ತುಂಬಿಕೋ,
ಯಾರೋ ತುಂಬುವರೆಂದು ನಾ ಕಾದು ಕೂತೆ, ಅನ್ನ ಆರಿತು.

ಮತ್ತೆ ಓದು, ಮತ್ತೆ ಓದು ಎಂದು ಮೂರು ಸಲ ಓದಿಸಿದರು. ಆಮೇಲೆ ಜಗಳ. ಮಗಳಿಗೆ ಹೇಳುವ ಬುದ್ಧಿಮಾತು ಎಂದರೆ ಅತ್ತೆಮಾವನ ಸೇವೆ, ಗಂಡನ ಮಾತಿಗೆ ಎದುರಾಡದಿರುವುದು, ಎಲ್ಲರೂ ಉಂಡ ಮೇಲೆ ಉಣ್ಣುವುದು. ಇದೇನಿದು, ಕದ್ದು ತಿನ್ನುವುದನ್ನು ಹೇಳಿಕೊಡುತ್ತಾಳೆ ಎಂದು ಒಬ್ಬಳು. ಓಚೊನ್ ಅಜ್ಜಿ ತೀರ್ಪು ಕೊಟ್ಟಳು: "ಚೆನ್ನಾಗಿದೆ. ಆದ್ರೆ ಇದನ್ನ ಮಗಳಿಗೆ ಮಾತ್ರ ಓದಬೇಕು, ಸೊಸೆಗೆ ಕೇಳಿಸ್ಬಾರ್ದು." ಆ ದಿನ ಮನೆಗೆ ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ನಮ್ಮಮ್ಮನನ್ನು ಕೊನೆಗೂ ಕೇಳಿದರಲ್ಲ ಎಂದು ಖುಷಿಯಾಗಿತ್ತು.

ಈಗ ಅಚ್ಚಿಗೆ ಹೋಗುವ ಪುಸ್ತಕದ ಕರಡು ಪ್ರತಿ ಬಂದಿದೆ. ನಲವತ್ತೊಂದನೇ ಪುಟದಲ್ಲಿ ಅಮ್ಮನ ಹಾಡು. ಬರೆದವರು ಯಾರು ಎಂದಿದೆ ಗೊತ್ತಾ? "ಹಾನ್‌ತಿ ಹಿರಿಯರು." ಅಂದರೆ ನಮ್ಮಪ್ಪ! ಕೆಳಗೆ ಟಿಪ್ಪಣಿ ಬೇರೆ: "ಮಗಳ ಬಗ್ಗೆ ಇಂಥ ಮೃದು ಹೃದಯ ತೋರಿದ ಉದಾರಮನಸ್ಸಿನ ವಿದ್ವಾಂಸ ತಂದೆ." ಓದಿ ನನಗೆ ಮೈಯೆಲ್ಲ ಉರಿಯಿತು. ಸಾರು ಆರಿದೆ ಎಂದು ಊಟದ ಮಣೆಯನ್ನೇ ಅಂಗಳಕ್ಕೆ ಎಸೆದವರು ನಮ್ಮಪ್ಪ. ನೀನು ಜರ್ಮನಿಗೆ ಹೋಗುತ್ತೇನೆ ಎಂದಾಗ ನಲವತ್ತು ದಿನ ನಿನ್ನ ಮುಖ ನೋಡದವರು. ನಮ್ಮ ಲಿಪಿಯನ್ನು ಹೆಂಗಸರ ಅಕ್ಷರ ಎಂದು ಬದಿಗಿಟ್ಟು, ಚೀನೀ ಅಕ್ಷರ ಬಿಟ್ಟು ಬೇರೆ ಮುಟ್ಟದವರು. ಒಂದು ಸಲ ಗೊಬ್ಬರದ ಅರ್ಜಿಯಲ್ಲಿ ಆರು ತಪ್ಪು ಮಾಡಿ ಅಮ್ಮನ ಕೈಲಿ ತಿದ್ದಿಸಿಕೊಂಡಿದ್ದನ್ನು ನಾವಿಬ್ಬರೂ ಬಾಗಿಲ ಸಂದಿನಿಂದ ನೋಡಿ ನಕ್ಕಿದ್ದೆವು, ನೆನಪಿದೆಯಾ?

ತಪ್ಪು ಹೇಗಾಯಿತೆಂದರೆ, ಸೋದರತ್ತೆಯ ಮನೆಯಲ್ಲಿ ಇದೇ ಹಾಡಿನ ಇನ್ನೊಂದು ಪ್ರತಿ ಸಿಕ್ಕಿದೆ. ವಸಂತದಲ್ಲಿ ಊರ ಹೆಂಗಸರೆಲ್ಲ ಗುಡ್ಡ ಹತ್ತಿ ಹೂವಿನ ದೋಸೆ ಸುಡುವಾಗ ಅಮ್ಮ ಅದನ್ನು ಓದಿದ್ದಳಂತೆ, ಅತ್ತೆ ನಕಲು ಮಾಡಿಕೊಂಡಿದ್ದಾರೆ. ಅದರ ಕೊನೆಯಲ್ಲಿ "ಹಾನ್‌ತಿಯಿಂದ ಪಡೆದದ್ದು" ಎಂದಿದೆ. ಮೇಷ್ಟ್ರು ಪಟ್ಟಣದವರು, ಅವರಿಗೇನು ಗೊತ್ತು? ನಾನು ಕೂರಿಸಿಕೊಂಡು ಬಿಡಿಸಿ ಹೇಳಿದೆ: ಹಾನ್‌ತಿ ಎಂದರೆ ನಮ್ಮಮ್ಮನ ತವರೂರು. ಮದುವೆಯಾಗಿ ಬಂದವಳನ್ನು ಅವಳ ತವರಿನ ಹೆಸರಿನಿಂದ ಕರೆಯುತ್ತೇವೆ, ಓಚೊನ್ ಅಜ್ಜಿಯ ಹಾಗೆ. ಹೆಂಡತಿ ಹಾನ್‌ತಿಯವಳಾದರೆ ಗಂಡನನ್ನೂ ಊರವರು ಹಾನ್‌ತಿ ಹಿರಿಯರು ಅನ್ನುತ್ತಾರೆ, ಅಷ್ಟೇ. ಅಪ್ಪ ಹೆಂಡತಿಯ ಊರಿನ ಹೆಸರನ್ನು ಹೊತ್ತು ತಿರುಗಿದವರು. ಮೇಷ್ಟ್ರು ಎಲ್ಲ ಕೇಳಿ ತಲೆಯಾಡಿಸಿ, "ಅಮ್ಮಾ, ನೀವು ಹೇಳೋ ಪ್ರಕಾರಾನೇ ನಿಮ್ಮ ತಂದೇನೂ ಹಾನ್‌ತಿ, ತಾಯೀನೂ ಹಾನ್‌ತಿ. ತಂದೆ ಪದ್ಯ ಕಟ್ತಿದ್ರು ಅನ್ನೋದಕ್ಕೆ ನಾಲ್ಕು ಜನ ಸಾಕ್ಷಿ ಇದ್ದಾರೆ. ತಾಯಿ ಕಟ್ತಿದ್ರು ಅನ್ನೋದಕ್ಕೆ?" ಅಂದರು. ನನ್ನ ಮಾತೇ ನನ್ನ ಕುತ್ತಿಗೆಗೆ ಬಂತು. ಸುರುಳಿ ಅಮ್ಮನ ಕೈಬರಹ ಎಂದರೆ, "ನಿಜ, ನಕಲು ಮಾಡಿದ್ದು ಅವರೇ ಇರಬಹುದು" ಅನ್ನುತ್ತಾರೆ. ಒಳ್ಳೆಯ ಮನುಷ್ಯ ಅಕ್ಕಾ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದು ಬರಬಹುದಿತ್ತು.

ಆ ನಾಲ್ಕು ಜನ ಸಾಕ್ಷಿ ಯಾರು ಎಂದು ಬೇರೆ ಹೇಳಬೇಕಾಗಿಲ್ಲ, ದೊಡ್ಡಪ್ಪನ ಮಗ ಜೇಹಾ ಅಣ್ಣ ಮತ್ತು ಅವನ ಬಾಲಬಡುಕರು. ಮನೆತನಕ್ಕೆ ಒಬ್ಬ ಕವಿ ಸಿಕ್ಕಿದ ಖುಷಿಗೆ ಅಣ್ಣನ ಕಾಲು ನೆಲದ ಮೇಲಿಲ್ಲ. ಇನ್ನು ಹದಿನೈದು ದಿನಕ್ಕೆ ಹಾನ್ಸಿಕ್, ಹಿರಿಯರ ಸಮಾಧಿಗೆ ಹುಲ್ಲು ಹಾಸುವ ದಿನ. ಅವತ್ತೇ ಅಪ್ಪನ ಸಮಾಧಿಯ ಮುಂದೆ ಕಲ್ಲು ನಿಲ್ಲಿಸಿ ಅಮ್ಮನ ಸಾಲುಗಳನ್ನು ಅಪ್ಪನ ಹೆಸರಲ್ಲಿ ಕೆತ್ತಿಸುತ್ತಾನಂತೆ. ನಾನು ಹೋಗಿ ಕೂಗಾಡಿದೆ. "ಯಾಕಮ್ಮ ಹಾರಾಡ್ತೀಯ? ಅಪ್ಪ ಬರೆದ್ರೇನು ಅಮ್ಮ ಬರೆದ್ರೇನು, ಇಬ್ರೂ ಒಂದೇ ಕಡೆ ಮಲಗಿದ್ದಾರಲ್ಲ. ನಿಮ್ಮಮ್ಮನೇ ಬರೆದಿದ್ರೆ ಹೆಸರು ಹಾಕ್ತಿರ್ಲಿಲ್ವಾ?" ಅಂದ. ಆ ಕೊನೆಯ ಮಾತು ಕೇಳಿದ್ದೇ, ಅವನ ಹೆಂಡತಿ ಕೊಟ್ಟ ಜೋಳದ ಟೀಯನ್ನೂ ಕುಡಿಯದೆ ಎದ್ದು ಬಂದೆ.

ಅಮ್ಮ ಹಾಡು ಕಟ್ಟುತ್ತಿದ್ದಾಗಿನ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಲೆಗೆ ಸೌದೆ ತಳ್ಳುತ್ತ ಬೆರಳಿನಲ್ಲಿ ಬೂದಿಯ ಮೇಲೆ ಒಂದು ಪದ ಬರೆಯುತ್ತಿದ್ದಳು, ಅಪ್ಪನ ಕೆಮ್ಮು ಕೇಳಿದರೆ ಅಳಿಸುತ್ತಿದ್ದಳು. ನೀನು ಹೋದ ಮೇಲೆ ಬರೆಯುವುದನ್ನು ಬಿಟ್ಟೇಬಿಟ್ಟಳು. ನಿನ್ನ ಕಾಗದ ಬಂದ ದಿನ ಮಾತ್ರ ಬೇರೆ ಹೆಂಗಸಾಗುತ್ತಿದ್ದಳು. ಕಣ್ಣು ಮಂಜಾದ ಮೇಲೆ ನಾನೇ ಹೋಗಿ ಓದಿ ಹೇಳುತ್ತಿದ್ದೆ. ಹಿಮ ಬಿತ್ತು, ಆಲೂಗಡ್ಡೆ ತಿಂದು ಸಾಕಾಯಿತು, ಎಲ್ಲ ಕೇಳಿಸಿಕೊಂಡು ಕೊನೆಗೆ "ಬೇರೆ ಏನೂ ಬರೆದಿಲ್ವಾ ಅವಳು?" ಅನ್ನುತ್ತಿದ್ದಳು. ಇಲ್ಲ ಅನ್ನುತ್ತಿದ್ದೆ. ಕಾಗದವನ್ನು ತೆಗೆದುಕೊಂಡು ಹಿಂದೆಮುಂದೆ ತಿರುಗಿಸಿ, ಲಕೋಟೆಯೊಳಗೂ ಬೆರಳಾಡಿಸಿ ನೋಡಿ ಮಡಚಿಡುತ್ತಿದ್ದಳು.

ಮೊನ್ನೆ ಸಂತೆಯ ದಿನ ಗುಂಪಿನಲ್ಲಿ ಮತ್ತೆ ಇದೇ ಚರ್ಚೆ. "ನೀರು ದಾಟಿ" ಎಂದರೆ ಏನು ಎಂದು ಯಾರೋ ಕೇಳಿದರು. ಅದು ಬರೀ ಕವಿಯ ಮಾತು, ಮದುವೆಯಾಗಿ ಹೋಗುವ ಮಗಳಿಗೆ ಎಲ್ಲ ಊರೂ ದೂರ ಎಂದು ಮೇಷ್ಟ್ರು ಅಂದರು. ಆಮೇಲೆ ಸುರುಳಿಯನ್ನು ಮೇಜಿನ ಮೇಲೆ ಪೂರ್ತಿ ಬಿಚ್ಚಿದರು. ಇಂಥ ಸುರುಳಿಗಳ ಕೊನೆಯಲ್ಲಿ ಯಾರು, ಯಾರಿಗೆ, ಯಾವಾಗ ಬರೆದರು ಎಂದು ಇರುವುದುಂಟು, ಆ ಒಂದು ಗೇಣು ಸಿಕ್ಕಿದ್ದರೆ ಪುಸ್ತಕ ತಡೆಹಿಡಿದಾದರೂ ತಿದ್ದುತ್ತಿದ್ದೆ ಅಂದರು. ಇಲಿ ತಿಂದಿತು ಎಂದೆ. ಓಚೊನ್ ಅಜ್ಜಿ ಸುರುಳಿಯ ತುದಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ನನ್ನ ಮುಖವನ್ನೂ ನೋಡಿದಳು. "ನಿಮ್ಮೂರ ಇಲಿ ಕತ್ತರಿ ಹಿಡ್ಕೊಂಡು ಬರುತ್ತೇನೇ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಇಷ್ಟು ಸಾಕು, ಕೈ ಮರಗಟ್ಟಿದೆ. ಇವರು ಹೊರಗಿನಿಂದ ಎರಡು ಸಲ ಕರೆದರು. ಭಾವನಿಗೆ ನನ್ನ ನಮಸ್ಕಾರ ಹೇಳು, ಮಕ್ಕಳಿಗೆ ಚಿಕ್ಕಮ್ಮನ ಪ್ರೀತಿ. ಹೋದ ವರ್ಷದ ಮೆಣಸಿನ ಪುಡಿಯನ್ನು ಬೇರೆ ಪೊಟ್ಟಣದಲ್ಲಿ ಕಳಿಸುತ್ತೇನೆ, ಹೋದ ಸಲದ್ದಕ್ಕಿಂತ ಖಾರ, ನೋಡಿ ಹಾಕು. ಕಾಲನ್ನು ಡಾಕ್ಟರಿಗೆ ತೋರಿಸು, ನನ್ನಾಣೆ.

ನಿನ್ನ ತಂಗಿ
ಬುನ್‌ಹೀ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಇಲಿ ಅಲ್ಲ ಅಕ್ಕಾ, ಕತ್ತರಿಸಿದ್ದು ನಾನು. ನೀನು ಜರ್ಮನಿಗೆ ಹೋಗಲು ಸಿಯೋಲ್ ಬಸ್ಸು ಹತ್ತಿದ ಬೆಳಿಗ್ಗೆ ಅಮ್ಮ ಆ ಸುರುಳಿಯನ್ನು ನನ್ನ ಕೈಗೆ ಕೊಟ್ಟು "ಅಕ್ಕನ ಪೆಟ್ಟಿಗೆ ತಳದಲ್ಲಿಡು, ಅಪ್ಪನಿಗೆ ಕಾಣ್ಬಾರ್ದು" ಅಂದಳು. ಕೊಟ್ಟಿಗೆಯಲ್ಲಿ ಬಿಚ್ಚಿ ಓದಿದೆ. ಹದಿನೇಳು ವರ್ಷ ಅಮ್ಮನ ಪಕ್ಕದಲ್ಲೇ ಇದ್ದವಳು ನಾನು, ಹೋಗುವವಳು ನೀನು, ಹಾಡು ನಿನಗೆ. ಸಹಿಸಲಾಗಲಿಲ್ಲ. ಅಕ್ಕಿಡಬ್ಬದ ಹಿಂದೆ ಬಚ್ಚಿಟ್ಟೆ. ಮದುವೆಯಾಗಿ ಹೋಗುವಾಗ ಕೊನೆಯ ಗೇಣು ಕತ್ತರಿಸಿ, ಹಾಡು ನನ್ನದೆಂದು ಪೆಟ್ಟಿಗೆಗೆ ಹಾಕಿಕೊಂಡೆ. ನಾನು ದಾಟಿದ ನೀರೆಂದರೆ ನಮ್ಮೂರ ಹಳ್ಳವೊಂದೇ.

ಆ ತುಂಡನ್ನು ಸುಡಲು ಕೈ ಬರಲಿಲ್ಲ. ಸೂಜಿಡಬ್ಬಿಯ ತಳದಲ್ಲಿದೆ. ಅದರಲ್ಲಿರುವುದು ಇಷ್ಟು: "ಸಿಮ್ ದಲ್ಲೇ ಎಂಬ ಹೆಸರಿನ ನಾನು, ಸಮುದ್ರ ದಾಟುವ ಹಿರಿಮಗಳು ಗುಮ್ರಾನಳಿಗಾಗಿ ಕಟ್ಟಿ ಬರೆದದ್ದು. ಅಕ್ಷರ ಚೆನ್ನಾಗಿಲ್ಲ, ನಗಬೇಡ. ಓದಿದ ಮೇಲೆ ಒಂದು ಸಾಲು ಬರೆ."

ಹತ್ತೊಂಬತ್ತು ವರ್ಷ ಅವಳು ಲಕೋಟೆಯಲ್ಲಿ ಹುಡುಕಿದ್ದು ಆ ಸಾಲನ್ನು. ನನಗೆ ಗೊತ್ತಿತ್ತು. ಪ್ರತಿ ಸಲವೂ ಗೊತ್ತಿತ್ತು.

ನಾಳಿದ್ದು ಸಂತೆಗೆ ಆ ತುಂಡನ್ನು ತೆಗೆದುಕೊಂಡು ಹೋಗಿ ಮೇಷ್ಟ್ರ ಮುಂದೆ, ಓಚೊನ್ ಅಜ್ಜಿಯ ಮುಂದೆ ಇಡುತ್ತೇನೆ. ಕತ್ತರಿ ಯಾರದೆಂದೂ ಹೇಳುತ್ತೇನೆ. ಆಮೇಲೆ ಜೇಹಾ ಅಣ್ಣನ ಮನೆಗೆ. ಕರಡು ತಿದ್ದಿದ ದಿನವೇ ಸುರುಳಿ, ತುಂಡು ಎರಡನ್ನೂ ನಿನಗೆ ಕಳಿಸುತ್ತೇನೆ, ಅವು ನಿನ್ನವು. ಸದ್ಯಕ್ಕೆ ಇಡೀ ಹಾಡನ್ನು ನನ್ನ ಕೈಯಲ್ಲೇ ನಕಲು ಮಾಡಿ ಇದರ ಜೊತೆ ಇಟ್ಟಿದ್ದೇನೆ. ಅಕ್ಷರ ಚೆನ್ನಾಗಿಲ್ಲ. ನನ್ನನ್ನು ಬೈಯುವುದಿದ್ದರೆ ಬೇರೆ ಹಾಳೆಯಲ್ಲಿ ಎಷ್ಟು ಬೇಕಾದರೂ ಬೈ. ಆದರೆ ಮೊದಲು ಓದಿ ಒಂದು ಸಾಲು ಬರೆ ಅಕ್ಕಾ, ನನಗಲ್ಲ, ಅಮ್ಮನಿಗೆ. ಹಾನ್ಸಿಕ್ ದಿನ ಸಮಾಧಿಯ ಮುಂದೆ ನಿಂತು ಅದನ್ನು ನಾನು ಓದಿ ಹೇಳಬೇಕು.